‘ಕಂಡುಬಂದಿಲ್ಲ’ ಅಂದ್ರ ‘ಇಲ್ಲ’ ಅಂತನಾ? ಲಸಿಕಿ, ಹಾರ್ಟ್ ಅಟ್ಯಾಕ್, ಭೂಕಂಪದ ನಡುವ ಸಿಕ್ಕ ಒಂದು ಪ್ರಶ್ನಿ

2025ರ ಜೂನ್ ತಿಂಗಳಾಗ ಹಾಸನದಿಂದ ದಿನಾ ಸಾವಿನ ಸುದ್ದಿ ಬರ್ತಿದ್ವು, ಎಲ್ಲಾ ಹಾರ್ಟ್ ಅಟ್ಯಾಕ್, ಅದ್ರಾಗೂ ಹರೇದ ಮಂದಿ. ಒಂದು ತಿಂಗಳಾಗ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಹೋಗ್ಯಾರ ಅಂತ ಜುಲೈ 1ಕ್ಕ ಮುಖ್ಯಮಂತ್ರಿ ಸಿದ್ದರಾಮಯ್ಯನವ್ರು ಬರದ್ರು, ಅದ್ರ ಜೋಡಿಗೆ ಕೋವಿಡ್ ಲಸಿಕಿಗೆ ಅವಸರದಾಗ ಒಪ್ಪಿಗಿ ಕೊಟ್ಟಿದ್ದೂ ಕಾರಣ ಇರಬಹುದು ಅನ್ನೋ ಮಾತೂ ಹಾಕಿದ್ರು. ಮರುದಿನಾನೇ ಕೇಂದ್ರ ಆರೋಗ್ಯ ಇಲಾಖೆಯವ್ರು ಐಸಿಎಂಆರ್, ಅಂದ್ರ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ಮತ್ತ ದಿಲ್ಲಿ ಏಮ್ಸ್ ಅಧ್ಯಯನ ಮುಂದಿಟ್ಟು, ಲಸಿಕಿಗೂ ಈ ದಿಢೀರ್ ಸಾವಿಗೂ ಸಂಬಂಧ ಇಲ್ಲ ಅಂದ್ರು. ಆಮ್ಯಾಲ ರಾಜ್ಯದ ತಜ್ಞರ ಸಮಿತಿನೂ ಹೆಚ್ಚೂಕಮ್ಮಿ ಅದೇ ಮಾತು ಹೇಳ್ತು, ಸಂಬಂಧ ಕಂಡುಬಂದಿಲ್ಲ ಅಂತ.

ಇಲ್ಲೇ ಮಂದಿ ತಲಿ ಕೆಟ್ಟಿದ್ದು. ಕಲಬುರಗಿ ಸೂಪರ್ ಮಾರ್ಕೆಟ್‌ನ ಚಹಾದಂಗಡಿ ಇರ್ಲಿ, ಬೀದರ್‌ನ ಬಸ್ ಸ್ಟ್ಯಾಂಡ್ ಇರ್ಲಿ, ಯಾರು ಕೇಳಿದ್ರೂ ಕೇಳೋದು ಒಂದೇ: ಕಂಡುಬಂದಿಲ್ಲ ಅಂದ್ರ ಏನರ್ಥ, ಐತೋ ಇಲ್ಲೋ ಒಂದು ಹೇಳ್ರಿ! ಡಾಕ್ಟರ್ ಮಂದಿ ನೆಟ್ಟಗ ‘ಇಲ್ಲ’ ಅಂತ ಯಾಕ ಅನ್ನಂಗಿಲ್ಲ, ಏನರ ಮುಚ್ಚಿಡ್ಲಿಕತ್ತಾರೇನು ಅನ್ನೋ ಅನುಮಾನ ಅದ್ರ ಹಿಂದಿಂದೇ ಬರ್ತದ.

ಅದೇ ವರ್ಷ ನವೆಂಬರ್ 19ಕ್ಕ ಅಮೆರಿಕದ ಸಿಡಿಸಿ, ಅಂದ್ರ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ, ತನ್ನ ವೆಬ್‌ಸೈಟ್‌ನಾಗ ಒಂದು ಮಾತು ಬದಲಿ ಮಾಡ್ತು. ಲಸಿಕಿಯಿಂದ ಆಟಿಸಂ (ಮಕ್ಕಳಿಗೆ ಮಾತಾಡೋದು, ಮಂದಿ ಜೋಡಿ ಬೆರೆಯೋದು ಕಷ್ಟ ಆಗೋ ಮಿದುಳಿನ ಬೆಳವಣಿಗಿ ತೊಂದ್ರಿ) ಬರಂಗಿಲ್ಲ ಅಂತ ವರ್ಷಾನುಗಟ್ಟಲೆ ಹೇಳ್ಕೋತ ಬಂದಿದ್ದ ಪೇಜಿನ್ಯಾಗ, ಈ ಮಾತು ಪುರಾವೆ ಮ್ಯಾಲ ನಿಂತಿದ್ದಲ್ಲ, ಯಾಕಂದ್ರ ಕೂಸುಗಳ ಲಸಿಕಿಯಿಂದ ಆಟಿಸಂ ಬರೋ ಸಾಧ್ಯತಾನ ಅಧ್ಯಯನಗಳು ಪೂರಾ ತಳ್ಳಿಹಾಕಿಲ್ಲ ಅನ್ನೋ ಅರ್ಥದ ಸಾಲು ಬಂತು. ಹಳೇ ಹೆಡ್ಡಿಂಗ್ ಹಂಗೇ ಉಳೀತು, ಅದ್ರ ಪಕ್ಕದಾಗ ಒಂದು ಸ್ಟಾರ್ ಗುರ್ತು. ಒಂದೇ ಪೇಜಿನ್ಯಾಗ ಮ್ಯಾಲ ‘ಬರಂಗಿಲ್ಲ’, ಕೆಳಗ ‘ಹಂಗ ಹೇಳ್ಲಿಕ್ಕ ಬರಂಗಿಲ್ಲ’.

ಹಾಸನದ ಗೊಂದಲ, ಅಮೆರಿಕದ ಗೊಂದಲ, ಎರಡರ ಬೇರೂ ಒಂದೇ. ಏನೋ ಒಂದು ‘ಇಲ್ಲ’ ಅಂತ ವಿಜ್ಞಾನ ಸಾಬೀತು ಮಾಡ್ಲಿಕ್ಕ ಆಗ್ತದೋ ಇಲ್ಲೋ ಅನ್ನೋ ಪ್ರಶ್ನಿ ಅದು.

ಎರಡು ವಾದ, ಎರಡೂ ಅರ್ಧ ಖರೇ

ಒಂದು ಕಡೆಯವ್ರು ಹಿಂಗಂತಾರ: ‘ಇಲ್ಲ’ ಅನ್ನೋದನ್ನ ಯಾರೂ ಎಂದೂ ಸಾಬೀತು ಮಾಡ್ಲಿಕ್ಕ ಆಗಂಗಿಲ್ಲ. ನೂರು ಕಡೆ ಹುಡುಕಿದ್ರಿ, ಸಿಗಲಿಲ್ಲ, ನೂರಾ ಒಂದನೇ ಕಡೆ ಇದ್ರ ಏನ್ ಮಾಡ್ತೀರಿ? ಅದಕ್ಕ ವಿಜ್ಞಾನಿ ‘ಇಲ್ಲ’ ಅಂದ್ರ ಅದು ಬರೇ ಅಂದಾಜು, ನಂಬೋದು ಬಿಡೋದು ನಮ್ಮ ಖುಷಿ.

ಇನ್ನೊಂದು ಕಡೆಯವ್ರು, ಇದೆಲ್ಲಾ ಮಾತಿನ ಆಟ, ಅಧ್ಯಯನ ಆಗ್ಯಾದ, ಸಂಬಂಧ ಇಲ್ಲ ಅಂತ ಸಿದ್ಧ ಆಗ್ಯಾದ, ಇನ್ನ ಕೇಳೋದೇ ತಪ್ಪು ಅಂತಾರ.

ಮೊದಲ್ನೇ ವಾದದಾಗ ಒಂದು ತರ್ಕದ ಮಾತು ಖರೇ ಅದ, ಆದ್ರ ಅದು ‘ಇಲ್ಲ’ಕ್ಕ ಅಷ್ಟೇ ಹತ್ತೋದಲ್ಲ, ಇದನ್ನ ಭಾಳ ಮಂದಿ ಮರೀತಾರ. ಕೈಬಿಟ್ಟ ಕಲ್ಲು ಕೆಳಗೇ ಬೀಳ್ತದ ಅನ್ನೋ ‘ಹೌದು’ ಮಾತನ್ನ ತಗೋರಿ. ಅದ್ರ ಒಳಗ ಒಂದು ‘ಇಲ್ಲ’ ಕುಂತದ: ಕೈಬಿಟ್ಟ ಮ್ಯಾಲೂ ತಾನಾಗೇ ಮ್ಯಾಲಕ್ಕ ಹೋಗೋ ಕಲ್ಲು ಇಲ್ಲ. ಎಲ್ಲಾ ಕಲ್ಲು ಯಾರೂ ಬೀಳಿಸಿ ನೋಡಿಲ್ಲ. ಆದ್ರೂ ಮನಿ ಕಟ್ಟೋವಾಗ ನಾವು ಆ ನಿಯಮದ ಮ್ಯಾಲೇ ಗ್ವಾಡಿ ಏರಿಸ್ತೀವಿ. ‘ಇಲ್ಲ’ ಸಾಬೀತಾಗಂಗಿಲ್ಲ ಅಂತ ವಿಜ್ಞಾನನ ಬದಿಗಿಟ್ರ, ಅದೇ ಲೆಕ್ಕದಾಗ ಎಲ್ಲಾ ನಿಯಮಾನೂ ಬದಿಗಿಡಬೇಕಾಗ್ತದ.

ಮತ್ತ ‘ಇಲ್ಲ’ ಸಾಬೀತಾಗಂಗಿಲ್ಲ ಅನ್ನೋದು ಪೂರಾ ಖರೇನೂ ಅಲ್ಲ. ಗಣಿತದಾಗ ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯಾ ಇಲ್ಲ ಅಂತ ಯೂಕ್ಲಿಡ್ ಎರಡು ಸಾವಿರ ವರ್ಷದ ಹಿಂದೇ ತೋರಿಸ್ಯಾನ, ಅದ್ರಾಗ ಒಂದು ಕೂದಲೆಳಿಯಷ್ಟೂ ಅನುಮಾನ ಇಲ್ಲ. ಗಣಿತ ಬ್ಯಾರೇ, ಅಲ್ಲಿ ಎಲ್ಲಾ ನಾವೇ ಇಟ್ಟ ನಿಯಮ, ಒಪ್ಕೊಳ್ಳೋಣ. ದಿನದ ಬದುಕಿನಾಗೂ ಹಂಗೇ ನಡೀತದ. ಈಗ ಬೀದರ್ ಕೋಟಿಯೊಳಗಿನ ರಂಗೀನ್ ಮಹಲ್‌ನಾಗ ಆನಿ ನಿಂತಿಲ್ಲ ಅಂತ ಯಾರರ ಅಂದ್ರ, ಒಳಗ ಹೋಗಿ ಒಂದು ಸುತ್ತ ಹಾಕಿದ್ರ ಮುಗೀತು. ಜಾಗಾ ಸಣ್ಣದು, ಹುಡುಕೋ ವಸ್ತು ದೊಡ್ಡದು, ಇದ್ದಿದ್ರ ಕಣ್ಣಿಗೆ ಬೀಳದೇ ಇರ್ಲಿಕ್ಕ ಶಕ್ಯನೇ ಇಲ್ಲ. ಅದೇ ಮಹಲ್‌ನಾಗ ಚೇಳು ಇಲ್ಲ ಅಂದ್ರ? ಆಗ ಒಂದು ಸುತ್ತ ಸಾಲಂಗಿಲ್ಲ, ಸಂದಿ ಸಂದಿ ನೋಡಬೇಕು, ರಾತ್ರಿ ಬ್ಯಾಟರಿ ಹಿಡ್ಕೊಂಡು ಬರಬೇಕು.

ಆನಿ ಮತ್ತ ಚೇಳಿನ ನಡುವಿನ ಈ ಅಂತರದಾಗೇ ಎಲ್ಲಾ ಉತ್ತರ ಅದ. ‘ಇದ್ದಿದ್ರ ಈ ಹುಡುಕ್ಯಾಟದಾಗ ಕಾಣ್ತಿತ್ತೇನು?’ ಕಾಣ್ತಿತ್ತು ಅನ್ನೋದು ಎಷ್ಟು ಗಟ್ಟಿ, ‘ಇಲ್ಲ’ ಅನ್ನೋದೂ ಅಷ್ಟೇ ಗಟ್ಟಿ.

ಹುಡುಕ್ಯಾಟ ಸಾಲದಿದ್ರ ಏನಾಗ್ತದ ಅನ್ನೋದಕ್ಕ ನಮ್ಮ ಮಗ್ಗಲಿನ ಆಂಧ್ರದಾಗೇ ಒಂದು ಉದಾಹರಣಿ ಅದ. ಜೆರ್ಡನ್ಸ್ ಕೋರ್ಸರ್ ಅನ್ನೋ ಹಕ್ಕಿ 1900ರ ಆದಮ್ಯಾಲ ಯಾರ ಕಣ್ಣಿಗೂ ಬೀಳಲಿಲ್ಲ, ಅದ್ರ ಕಥಿ ಮುಗೀತು ಅಂದ್ಕೊಂಡಿದ್ರು, 1986ಕ್ಕ ಕಡಪಾ ಕಡೆ ಕುರುಚಲು ಕಾಡಿನಾಗ ಮತ್ತ ಸಿಕ್ತು. ಅದು ರಾತ್ರಿ ತಿರುಗಾಡೋ ಹಕ್ಕಿ, ಹಗಲಿ ಹುಡುಕಿದ್ರ ಹೆಂಗ ಸಿಗಬೇಕು?

ತೊಗರಿ ಚೀಲದ ಲೆಕ್ಕ

ಹುಡುಕ್ಯಾಟದ ತೂಕ ಅಂದ್ರ ಏನು ಅಂತ ನಂಬರ್‌ನಾಗ ನೋಡೋಣ, ಇದು ನಮ್ಮ ಕಡೆ ಯಾವ ರೈತಗಾದ್ರೂ ತಿಳಿಯೋ ಲೆಕ್ಕ.

ಬಿತ್ತಲಿಕ್ಕಂತ 10 ಕಿಲೋ ಟಿಎಸ್-3ಆರ್ ತೊಗರಿ ಬೀಜ ತಂದೀರಿ ಅಂತ ತಿಳ್ಕೋರಿ. ನೂರು ಕಾಳು ಸುಮಾರು ಹತ್ತು ಗ್ರಾಂ ತೂಗ್ತಾವ, ಅಂದ್ರ ಆ ಚೀಲದಾಗ ಹೆಚ್ಚೂಕಮ್ಮಿ ಒಂದು ಲಕ್ಷ ಕಾಳು. ಬ್ಯಾರೇ ತಳಿ ಬೀಜ ಬೆರಿಕಿ ಆಗಿಲ್ಲ ಅಂತ ಅಂಗಡಿಯವ ಹೇಳ್ಯಾನ. ಒಂದು ಲಕ್ಷ ಕಾಳು ಆರಿಸ್ಕೋತ ಕೂಡೋರು ಯಾರು! ಚೀಲ ಚಲೋ ಕಲಸಿ ಮುನ್ನೂರು ಕಾಳು ತಗದು ಪರೀಕ್ಷಾ ಮಾಡಿದ್ರಿ, ಒಂದೂ ಬೆರಿಕಿ ಸಿಗಲಿಲ್ಲ.

ಈಗ ಬೆರಿಕಿ ‘ಇಲ್ಲ’ ಅನ್ನಬಹುದೇನು? ಪೂರಾ ಅನ್ಲಿಕ್ಕ ಬರಂಗಿಲ್ಲ. ಆದ್ರ ಏನೂ ಗೊತ್ತಾಗಿಲ್ಲ ಅಂತಲೂ ಅಲ್ಲ. ನೂರಕ್ಕ ಒಂದು ಬೆರಿಕಿ ಇದ್ದಿದ್ರ ಮುನ್ನೂರು ತಗದಾಗ ಒಂದಾದ್ರೂ ಕೈಗೆ ಬರಬೇಕಿತ್ತು, ಬರದೇ ಇರೋ ಸಾಧ್ಯತಾ ನೂರಕ್ಕ 5ರಷ್ಟು ಅಷ್ಟೇ. ಅದಕ್ಕ, ಬೆರಿಕಿ ಇದ್ರೂ ನೂರಕ್ಕ ಒಂದಕ್ಕಿಂತ ಕಡಿಮಿ ಅಂತ 95 ಪರ್ಸೆಂಟ್ ಭರವಸಿಯಿಂದ ಹೇಳಬಹುದು. ಮೂರು ಸಾವಿರ ಕಾಳು ನೋಡಿ ಒಂದೂ ಸಿಗದಿದ್ರ, ಸಾವಿರಕ್ಕ ಒಂದಕ್ಕಿಂತ ಕಡಿಮಿ. ಮೂವತ್ತು ಸಾವಿರ ನೋಡಿದ್ರ ಹತ್ತು ಸಾವಿರಕ್ಕ ಒಂದು. ಮೂರನ್ನ ಪರೀಕ್ಷಾ ಮಾಡಿದ ಸಂಖ್ಯಾದಿಂದ ಭಾಗ ಮಾಡ್ರಿ, ಅದೇ ಮ್ಯಾಲಿನ ಮಿತಿ. ಸಂಖ್ಯಾಶಾಸ್ತ್ರದವ್ರು ಇದಕ್ಕ ಮೂರರ ನಿಯಮ ಅಂತಾರ, ಔಷಧದ ಪರೀಕ್ಷಾದಾಗ ಇದನ್ನೇ ಬಳಸ್ತಾರ.

ಅಂದ್ರ ‘ಕಂಡುಬಂದಿಲ್ಲ’ ಅನ್ನೋ ಮಾತಿನ ಹಿಂದ ಯಾವಾಗ್ಲೂ ಒಂದು ನಂಬರ್ ಇರ್ತದ, ‘ಇದ್ದರೂ ಇಷ್ಟಕ್ಕಿಂತ ಕಡಿಮಿ’ ಅನ್ನೋ ನಂಬರ್. ಸುದ್ದಿ ಬರೆಯೋವಾಗ ಆ ನಂಬರ್ ಬಿಟ್ಟು ಬರೇ ‘ಕಂಡುಬಂದಿಲ್ಲ’ ಅಂತ ಹಾಕ್ತಾರ. ನಂಬರ್ ಇಲ್ಲದ ಆ ಮಾತು ಕೇಳಿದವ್ರಿಗೆ ನುಣಚಿಕೊಳ್ಳೋ ಮಾತಿನಂಗ ಕೇಳ್ತದ, ಅದ್ರಾಗ ಮಂದಿ ತಪ್ಪಿಲ್ಲ.

ನೀರಿನ ರಿಪೋರ್ಟ್‌ನ ‘ಬಿಡಿಎಲ್’

ಯಾದಗಿರಿ ಕಡೆಯವ್ರಿಗೆ ಈ ಮಾತು ಇನ್ನೂ ಹತ್ರದ್ದು. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ನೀರಿನಾಗ ಆರ್ಸೆನಿಕ್ ಸಿಕ್ಕಿದ್ದು ಎಲ್ಲರಿಗೂ ಗೊತ್ತದ. ಬೋರ್ ನೀರು ಲ್ಯಾಬಿಗೆ ಕಳಿಸಿದ್ರ ರಿಪೋರ್ಟ್‌ನಾಗ ಕೆಲವು ಸಲ ಸೊನ್ನಿ ಇರಂಗಿಲ್ಲ, ‘ಬಿಡಿಎಲ್’ ಅಂತ ಬರದಿರ್ತಾರ. ಮಷೀನ್ ಹಿಡಿಯೋ ಮಿತಿಗಿಂತ ಕೆಳಗ ಅದ ಅನ್ನೋದು ಅದ್ರ ಅರ್ಥ. ವಸ್ತು ಇಲ್ಲ ಅಂತಲ್ಲ, ಇದ್ರೂ ಈ ಮಷೀನಿಗೆ ಕಾಣೋವಷ್ಟು ಇಲ್ಲ ಅಂತ.

ಕುಡಿಯೋ ನೀರಿನಾಗ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ, ಅಂದ್ರ 10 ಮೈಕ್ರೋಗ್ರಾಂ ದಾಟಬಾರ್ದು ಅನ್ನೋದು ಮಾನದಂಡ. ಈಗ ಒಂದು ಲ್ಯಾಬಿನ ಮಷೀನ್ 1 ಮೈಕ್ರೋಗ್ರಾಂ ತನಕ ಹಿಡೀತದ, ಇನ್ನೊಂದು ಕಡೆ ಬಳಸಿದ ಕಿಟ್ 50ಕ್ಕಿಂತ ಕೆಳಗ ಹಿಡಿಯಂಗೇ ಇಲ್ಲ ಅಂತ ತಿಳ್ಕೋರಿ. ಇಬ್ಬರೂ ‘ಬಿಡಿಎಲ್’ ಅಂತ ಬರದು ಕೊಟ್ರ, ಮೊದಲಿನ ಕಾಗದ ನಂಬಿ ನೀರು ಕುಡಿಬಹುದು. ಎರಡ್ನೇದು ನಂಬಿ ಕುಡಿದ್ರ 40 ಮೈಕ್ರೋಗ್ರಾಂ ಇರೋ ನೀರನ್ನ, ಅಂದ್ರ ಮಿತಿಗಿಂತ ನಾಲ್ಕು ಪಟ್ಟು ವಿಷನ, ಚಲೋ ನೀರು ಅಂತ ಮಕ್ಕಳಿಗೆ ಕುಡಿಸಿದಂಗ ಆಗ್ತದ. ಎರಡೂ ಕಾಗದದ ಮ್ಯಾಲ ಇರೋ ಅಕ್ಷರ ಮಾತ್ರ ಒಂದೇ! ಅದಕ್ಕ ನೀರಿನ ರಿಪೋರ್ಟ್ ತಗೊಂಡವ್ರು ‘ಬಿಡಿಎಲ್’ ನೋಡಿ ಮಡಚಿ ಇಡಬಾರ್ದು, ಹಿಡಿಯೋ ಮಿತಿ ಎಷ್ಟು ಅಂತ ಲ್ಯಾಬಿನವ್ರನ್ನ ಕೇಳಲೇಬೇಕು.

ಪೋಲಿಯೋ ಇಲ್ಲ ಅಂತ ಹೇಳ್ಲಿಕ್ಕ ಎಷ್ಟು ದುಡೀಬೇಕಾಯ್ತು

ದೊಡ್ಡ ‘ಇಲ್ಲ’ ಒಂದನ್ನ ಗಟ್ಟಿಯಾಗಿ ಹೇಳೋದು ಹೆಂಗ ಅಂತ ನೋಡಬೇಕಂದ್ರ ಪೋಲಿಯೋಕ್ಕಿಂತ ಚಲೋ ಉದಾಹರಣಿ ಇಲ್ಲ, ಮತ್ತ ಅದು ನಮ್ಮ ದೇಶದಾಗೇ, ನಮ್ಮ ಆಶಾ-ಅಂಗನವಾಡಿ ಹೆಣ್ಮಕ್ಕಳು ನಡದು ನಡದು ಮಾಡಿದ ಕೆಲಸ.

ಭಾರತದಾಗ ಕಾಡು ಪೋಲಿಯೋ ವೈರಸ್‌ನ ಕಡೀ ಕೇಸ್ ಸಿಕ್ಕಿದ್ದು 2011ರ ಜನವರಿ 13ಕ್ಕ, ಪಶ್ಚಿಮ ಬಂಗಾಳದ ಹೌರಾದಾಗ. ಆದ್ರ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಿದ್ದು 2014ರ ಮಾರ್ಚ್ 27ಕ್ಕ. ನಡುವ ಮೂರು ವರ್ಷ ಏನ್ ಮಾಡಿದ್ರು? ಕೇಸ್ ಬರಲಿಲ್ಲ ಅಂತ ಸುಮ್ನ ಕುಂತಿರಲಿಲ್ಲ, ಹುಡುಕಿದ್ರು. 15 ವರ್ಷದೊಳಗಿನ ಯಾವ ಕೂಸಿಗೇ ಆಗ್ಲಿ ದಿಢೀರಂತ ಕೈಕಾಲು ಸೋತು ಜೋಲು ಬಿದ್ರ, ಕಾರಣ ಏನೇ ಇರ್ಲಿ, ಅದನ್ನ ವರದಿ ಮಾಡಬೇಕು, ಎರಡು ವಾರದೊಳಗ, 24 ತಾಸು ಬಿಟ್ಟು ಬಿಟ್ಟು, ಎರಡು ಸಲ ಮಲದ ಸ್ಯಾಂಪಲ್ ತಗದು ಐಸ್ ಡಬ್ಬಿಯಾಗ ಲ್ಯಾಬಿಗೆ ಮುಟ್ಟಿಸಬೇಕು. ಮುಂಬೈ ದಿಲ್ಲಿಯಂಥಾ ಊರಾಗ ಚರಂಡಿ ನೀರಿನ ಸ್ಯಾಂಪಲ್ಲೂ ತಗದು ನೋಡಿದ್ರು.

ಇದ್ರಾಗಿನ ಜಾಣತನ ಎಲ್ಲಿ ಅದ ನೋಡ್ರಿ. ಪೋಲಿಯೋ ಬಿಟ್ಟು ಬ್ಯಾರೇ ಕಾರಣಕ್ಕೂ ಮಕ್ಕಳಿಗೆ ಹಿಂಗ ಕೈಕಾಲು ಸೋಲ್ತಾವ, ಯಾವ ಊರಾಗಾದ್ರೂ ಲಕ್ಷ ಮಕ್ಕಳಾಗ ವರ್ಷಕ್ಕ ಒಂದಾದ್ರೂ ಇಂಥಾ ಕೇಸ್ ಇದ್ದೇ ಇರ್ತದ. ಒಂದು ಜಿಲ್ಲಾದಿಂದ ಆ ಬ್ಯಾರೇ ಕೇಸ್‌ಗಳೂ ವರದಿ ಆಗ್ಲಿಲ್ಲ ಅಂದ್ರ, ಅಲ್ಲಿ ಪೋಲಿಯೋ ಇಲ್ಲ ಅಂತ ತಿಳ್ಕೊಳ್ಳಂಗಿಲ್ಲ, ಅಲ್ಲಿ ಹುಡುಕೋರೇ ಇಲ್ಲ ಅಂತ ತಿಳ್ಕೋಬೇಕು. ಭಾರತ ಲಕ್ಷಕ್ಕ ಎರಡು ಅಂತ ಗುರಿ ಇಟ್ಕೊಂಡು, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ವರ್ಷಕ್ಕ ಹತ್ತಾರು ಸಾವಿರ ಕೇಸ್ ಹಿಡೀತು. ಅಷ್ಟು ಸೂಕ್ಷ್ಮ ಬಲಿ ಬೀಸಿದ ಮ್ಯಾಲೂ ಮೂರು ವರ್ಷ ಒಂದೂ ಕಾಡು ಪೋಲಿಯೋ ಸಿಗಲಿಲ್ಲ ಅಂದಾಗ ಆ ‘ಇಲ್ಲ’ಕ್ಕ ಗುಂಡುಕಲ್ಲಿನಷ್ಟು ತೂಕ ಬಂತು.

ಬಲಿ ಹರದದೋ ಗಟ್ಟಿ ಅದೋ ಅಂತ ಮೊದಲು ಪರೀಕ್ಷಾ ಮಾಡು, ಆಮ್ಯಾಲ ಮೀನಿಲ್ಲ ಅಂತ ಹೇಳು. ಪೋಲಿಯೋ ಮಂದಿ ಮಾಡಿದ್ದು ಇಷ್ಟೇ.

ಈಗ ಲಸಿಕಿ ಮತ್ತ ಹಾರ್ಟ್ ಅಟ್ಯಾಕ್‌ಗೆ ಬರೋಣ

ಐಸಿಎಂಆರ್ ಅಧ್ಯಯನ ನಡದಿದ್ದು 2023ರ ಮೇಯಿಂದ ಆಗಸ್ಟ್ ತನಕ, 19 ರಾಜ್ಯ ಮತ್ತ ಕೇಂದ್ರಾಡಳಿತ ಪ್ರದೇಶದ 47 ದವಾಖಾನಿಯಾಗ. 18ರಿಂದ 45 ವಯಸ್ಸಿನವ್ರು, ನೋಡ್ಲಿಕ್ಕ ಆರೋಗ್ಯ ಚಲೋನೇ ಇದ್ದು ದಿಢೀರಂತ ತೀರಿಹೋದ 729 ಮಂದಿನ ತಗೊಂಡು, ಅದೇ ವಯಸ್ಸು ಅದೇ ಓಣಿಯ 2,916 ಮಂದಿ ಜೋಡಿ ಹೋಲಿಸಿದ್ರು. ಲಸಿಕಿಯಿಂದ ಸಾಯೋದು ಹೆಚ್ಚಾಗಿದ್ರ ತೀರಿಹೋದವ್ರಾಗ ಲಸಿಕಿ ಹಾಕಿಸ್ಕೊಂಡವ್ರ ಪಾಲು ಹೆಚ್ಚಿರಬೇಕಿತ್ತು. ಹಂಗ ಇರಲಿಲ್ಲ, ಎರಡು ಡೋಸ್ ತಗೊಂಡವ್ರಿಗೆ ಅಪಾಯ ಸುಮಾರು ಅರ್ಧಕ್ಕ ಇಳದಿತ್ತು. ಹೆಚ್ಚಾಗಿ ಕಂಡಿದ್ದು ಬ್ಯಾರೇ: ಹಿಂದ ಕೋವಿಡ್ ಆಗಿ ದವಾಖಾನಿ ಸೇರಿದವ್ರು, ಮನಿತನದಾಗ ಇಂಥಾ ಸಾವು ಆಗಿದ್ದವ್ರು, ಸಾಯೋ ಮುಂಚಿನ 48 ತಾಸಿನಾಗ ವಿಪರೀತ ಕುಡಿದವ್ರು, ಮಾದಕ ವಸ್ತು ತಗೊಂಡವ್ರು, ಇಲ್ಲಾ ವಿಪರೀತ ದೇಹ ದಣಿಸಿದವ್ರು.

ಇದು ಎಂಥಾ ‘ಇಲ್ಲ’? ಕೇಸ್ ಹಿಡದು ಹಿಂದಕ್ಕ ಹೋಗಿ ಹೋಲಿಸೋ ಈ ಪದ್ಧತಿ ಅಪರೂಪದ ಸಾವು ಹುಡುಕ್ಲಿಕ್ಕ ತಕ್ಕದ್ದೇ. ಹರೇದವ್ರ ಈ ಸಾವುಗಳಿಗೆ ಲಸಿಕಿ ಮುಖ್ಯ ಕಾರಣ ಆಗಿದ್ರ, ಅಪಾಯ ಎರಡು ಪಟ್ಟು ಆಗಿದ್ರ, ಇದ್ರಾಗ ಕಾಣಲೇಬೇಕಿತ್ತು. ಆದ್ರ ಹತ್ತು ಲಕ್ಷದಾಗ ಒಬ್ಬರಿಗೆ ಏನರ ಆಗಿದ್ರ ಅದು 729 ಕೇಸಿನಾಗ ಕಾಣಂಗಿಲ್ಲ. ಅರ್ಧಕ್ಕ ಇಳೀತು ಅನ್ನೋದನ್ನೂ ಜರಾ ಎಚ್ಚರದಿಂದ ಓದಬೇಕು, ಯಾಕಂದ್ರ ಲಸಿಕಿ ತಪ್ಪದೇ ಹಾಕಿಸ್ಕೊಳ್ಳೋ ಮಂದಿ ಬಿಪಿ, ಶುಗರ್‌ನೂ ಹೆಚ್ಚು ನೋಡ್ಕೊಳ್ಳೋರು ಇರಬಹುದು.

ರಾಜ್ಯದ ಸಮಿತಿಯವ್ರು ಬೆಂಗಳೂರಿನ ಜಯದೇವ ಹೃದಯದ ದವಾಖಾನಿಯಾಗ 45ರೊಳಗಿನ 251 ರೋಗಿಗಳನ್ನ ನೋಡಿದ್ರು. ಇದ್ರ ತೂಕ ಐಸಿಎಂಆರ್‌ನಕ್ಕಿಂತ ಭಾಳ ಕಡಿಮಿ ಅಂತ ಬಾಯಿಬಿಟ್ಟು ಹೇಳಬೇಕು. ಸಂಖ್ಯಾ ಸಣ್ಣದು ಅನ್ನೋದು ಒಂದು, ಅದಕ್ಕಿಂತ ದೊಡ್ಡದು ಅಂದ್ರ ಅವ್ರಾಗ ಹೆಚ್ಚೂಕಮ್ಮಿ ಎಲ್ಲರೂ ಲಸಿಕಿ ತಗೊಂಡವ್ರೇ, ಹೋಲಿಸಿ ನೋಡ್ಲಿಕ್ಕ ತಗೊಳ್ಳದವ್ರೇ ಇಲ್ಲ. ಈ ಎರಡೂ ಅಧ್ಯಯನನ ಟಿವಿಯಾಗ ಒಂದೇ ತಕ್ಕಡಿಯಾಗ ಇಟ್ಟು ‘ಇಲ್ಲ’ ಅಂತ ಓದಿದ್ದು ತಪ್ಪು.

ಹಂಗಾದ್ರ ಹತ್ತು ಲಕ್ಷಕ್ಕ ಒಂದರಂಥಾ ಅಪಾಯ ಹಿಡಿಯೋ ಬಲಿ ಯಾವುದು? ಅದೂ ಅದ, ಮತ್ತ ಅದು ಕೆಲಸ ಮಾಡ್ತದ ಅಂತ ನಾವು ಕಣ್ಣಾರೆ ನೋಡೀವಿ. ನಮ್ಮಲ್ಲಿ ಕೋವಿಶೀಲ್ಡ್ ಅಂತ 170 ಕೋಟಿಗಿಂತ ಹೆಚ್ಚು ಡೋಸ್ ಹಾಕಿದ ಆಸ್ಟ್ರಾಜೆನೆಕಾ ಲಸಿಕಿಯಿಂದ ಭಾಳ ಅಪರೂಪಕ್ಕ ರಕ್ತ ಹೆಪ್ಪುಗಟ್ಟಿ, ಪ್ಲೇಟ್‌ಲೆಟ್ ಇಳಿಯೋ ತೊಂದ್ರಿ ಬರ್ತದ ಅಂತ ಯುರೋಪಿನಾಗ ಲಸಿಕಿ ಶುರು ಆಗಿ ಕೆಲವೇ ತಿಂಗಳಾಗ, 2021ರ ಮಾರ್ಚ್‌ಗೇ ಪತ್ತೆ ಆಯ್ತು. ಫೈಜರ್, ಮಾಡೆರ್ನಾ ಲಸಿಕಿಯಿಂದ ಹರೇದ ಗಂಡು ಹುಡುಗರಿಗೆ ಹೃದಯದ ಸ್ನಾಯು ಬಾಯೋದೂ ಅದೇ ವರ್ಷ ಸಿಕ್ತು. ಅದಕ್ಕೂ ಮೊದಲು 1999ರಾಗ ಅಮೆರಿಕದಾಗ ರೋಟಾಶೀಲ್ಡ್ ಅನ್ನೋ ಲಸಿಕಿಯಿಂದ ಸುಮಾರು ಹತ್ತು ಸಾವಿರ ಕೂಸಿಗೆ ಒಂದರಂಗ ಕರುಳು ಒಂದರೊಳಗ ಒಂದು ಸೇರಿಕೊಳ್ತಾವ ಅಂತ ಗೊತ್ತಾಗಿ, ಬಂದು ಒಂದು ವರ್ಷದ ಸುಮಾರಿಗೇ ಹಿಂದಕ್ಕ ತಗೊಂಡ್ರು.

2024ರಾಗ ಆಸ್ಟ್ರಾಜೆನೆಕಾ ಕಂಪನಿ ಕೋರ್ಟಿನ ಕಾಗದದಾಗ ಇಂಥಾ ತೊಂದ್ರಿ ಅಪರೂಪಕ್ಕ ಆಗಬಹುದು ಅಂತ ಒಪ್ಕೊಂಡ ಸುದ್ದಿ ಬಂದಾಗ, ನೋಡ್ರಿ ಮುಚ್ಚಿಟ್ಟಿದ್ದು ಹೊರಗ ಬಂತು ಅಂದವ್ರೇ ಹೆಚ್ಚು. ಖರೇ ಅಂದ್ರ ಅದು ಮೂರು ವರ್ಷ ಹಿಂದೇ ಪತ್ತೆ ಆಗಿ ಪ್ರಕಟ ಆಗಿದ್ದ ವಿಷಯ. ಇಷ್ಟು ಸಣ್ಣ ಮೀನು ಹಿಡಿಯೋ ಬಲಿಯಾಗ, ವರ್ಷಗಟ್ಟಲೆ ಆದಮ್ಯಾಲ ದಿಢೀರ್ ಸಾವು ಅನ್ನೋ ದೊಡ್ಡ ಮೀನು ಬೀಳಲಿಲ್ಲ ಅಂದ್ರ, ಆ ‘ಬೀಳಲಿಲ್ಲ’ಕ್ಕ ಬೆಲಿ ಅದ.

ಆಟಿಸಂನ ‘ಇಲ್ಲ’ ಎಷ್ಟು ಗಟ್ಟಿ

ದಡಾರ, ಮಂಗನಬಾವು, ರುಬೆಲ್ಲಾ ತಡೀಲಿಕ್ಕ ಹಾಕೋ ಎಂಎಂಆರ್ ಲಸಿಕಿಯಿಂದ ಆಟಿಸಂ ಅನ್ನೋ ಮಾತು ಶುರು ಆಗಿದ್ದು 1998ರಾಗ, ಬರೇ 12 ಮಕ್ಕಳ ಮ್ಯಾಲಿನ ಒಂದು ಪ್ರಬಂಧದಿಂದ, ಅದನ್ನ ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆನೇ 2010ಕ್ಕ ವಾಪಸ್ ತಗೊಂಡ್ತು. ಆಮ್ಯಾಲ ಹುಡುಕ್ಯಾಟ ಎಷ್ಟು ಆಯ್ತು ಅಂದ್ರ, ಡೆನ್ಮಾರ್ಕ್‌ನಾಗ 6,57,461 ಮಕ್ಕಳನ್ನ ವರ್ಷಗಟ್ಟಲೆ ಹಿಂಬಾಲಿಸಿ 2019ಕ್ಕ ಫಲಿತಾಂಶ ಕೊಟ್ರು. ಎಂಎಂಆರ್ ತಗೊಳ್ಳದ ಮಕ್ಕಳ ಅಪಾಯ 1 ಅಂತ ಹಿಡದ್ರ, ತಗೊಂಡ ಮಕ್ಕಳದ್ದು 0.93, 95 ಪರ್ಸೆಂಟ್ ಭರವಸಿಯಿಂದ ಹೇಳೋ ಅದ್ರ ಅಂಚು 0.85ರಿಂದ 1.02. ತೊಗರಿ ಚೀಲದ ಭಾಷಾದಾಗ ಹೇಳೋದಾದ್ರ, ಅಪಾಯ ಹೆಚ್ಚಾಗಿದ್ರೂ ನೂರಕ್ಕ ಎರಡರಷ್ಟರ ಮ್ಯಾಲ ಹೆಚ್ಚಾಗಿರೋದು ಈ ಲೆಕ್ಕಕ್ಕ ಕೂಡಂಗಿಲ್ಲ. ಲಸಿಕಿ ಕೆಡದಂಗ ಹಾಕೋ, ಪಾದರಸ ಇರೋ ಥಿಯೋಮರ್ಸಾಲ್ ಕಾರಣ ಅಂದ್ರು. ಡೆನ್ಮಾರ್ಕ್ 1992ರಾಗೇ ಅದನ್ನ ನಿಲ್ಲಿಸ್ತು, ಆಟಿಸಂ ಕೇಸ್ ಇಳೀಲಿಲ್ಲ. ಜಪಾನ್ 1993ರಾಗ ಎಂಎಂಆರ್‌ನೇ ಬಿಟ್ಟಿತು, ಯೊಕೊಹಾಮಾದಾಗ ಕೇಸ್ ಏರ್ತಾನೇ ಹೋದ್ವು. ಲಸಿಕಿಯಾಗಿನ ಅಲ್ಯೂಮಿನಿಯಂ ಅಂದ್ರು, 2025ರ ಜುಲೈನಾಗ ಡೆನ್ಮಾರ್ಕ್‌ನದೇ 12 ಲಕ್ಷ ಮಕ್ಕಳ ಅಧ್ಯಯನ ಬಂತು, ಅದ್ರಾಗೂ ಹೆಚ್ಚಳ ಕಾಣಲಿಲ್ಲ.

ಒಂದು ಬಾಗಿಲು ಮುಚ್ಚಿದ್ರ ಇನ್ನೊಂದು ಬಾಗಿಲು ತೋರಿಸೋದು, ಇದು ಎಂದೂ ಮುಗಿಯಂಗಿಲ್ಲ. ಸಿಡಿಸಿ ಪೇಜಿನ ಹೊಸ ಸಾಲಿನಾಗಿರೋ ದೋಷ ಇದೇ. ‘ಪೂರಾ ತಳ್ಳಿಹಾಕಿಲ್ಲ’ ಅನ್ನೋ ಮಾತನ್ನ ಜ್ವಾಳದ ರೊಟ್ಟಿ ಬಗ್ಗೆನೂ ಹೇಳಬಹುದು, ಮೊಬೈಲ್ ಬಗ್ಗೆನೂ ಹೇಳಬಹುದು, ಯಾವುದಕ್ಕೂ ಹತ್ತೋ ಮಾತು ಯಾವುದರ ಬಗ್ಗೆನೂ ಏನೂ ತಿಳಿಸಂಗಿಲ್ಲ. ಎಷ್ಟು ದೊಡ್ಡ ಅಪಾಯ ತಳ್ಳಿಹಾಕಿಲ್ಲ ಅಂತ ಅವ್ರು ನಂಬರ್ ಹೇಳಿದ್ರ ಅದು ವಿಜ್ಞಾನದ ಮಾತು ಆಗ್ತಿತ್ತು, ಹೇಳಲಿಲ್ಲ. ತರ್ಕದಾಗ ಯಾವಾಗ್ಲೂ ಉಳಿಯೋ ಒಂದು ಕೂದಲೆಳಿ ಅನುಮಾನನ, ನಿಜವಾದ ಅಪಾಯದಂಗ ತೋರಿಸ್ಯಾರ.

ಇನ್ನೊಂದು ಮಗ್ಗಲು: ಗಡಿಕೇಶ್ವರ ಮತ್ತ ಕಿಲ್ಲಾರಿ

ಇಷ್ಟು ಹೇಳಿದ ಮ್ಯಾಲ ಅಧಿಕಾರಿಗಳು ‘ಇಲ್ಲ’ ಅಂದಿದ್ದೆಲ್ಲಾ ನಂಬ್ರಿ ಅಂತ ಅರ್ಥ ಅಲ್ಲ.

2021ರ ಅಕ್ಟೋಬರ್‌ನಾಗ ಚಿಂಚೋಳಿ ತಾಲೂಕಿನ ಗಡಿಕೇಶ್ವರದಾಗ ನೆಲ ಮತ್ತ ಮತ್ತ ನಡುಗ್ತು, ಒಂದಂತೂ ರಿಕ್ಟರ್ 4ರ ಆಸುಪಾಸು. ನೆಲದೊಳಗಿಂದ ಸಪ್ಪಳ ಬರೋದು ಅಲ್ಲಿನವ್ರಿಗೆ ಹೊಸದಲ್ಲ, ಆದ್ರ ಆಗ ಮಂದಿ ಮನಿ ಬಿಟ್ಟು ಬಯಲಾಗ ಮಲಗಿದ್ರು, ಎಷ್ಟೋ ಮಂದಿ ಊರೇ ಬಿಟ್ರು. ತಜ್ಞರು ಬಂದ್ರು, ಇದಕ್ಕ ನೆಲದೊಳಗಿನ ಸುಣ್ಣದಕಲ್ಲು ಕಾರಣ ಅಂತ ತಿಳಿಸಿ ಹೇಳಿದ್ರು, ಹೆದರಬ್ಯಾಡ್ರಿ ಅಂದ್ರು. ಮಂದಿ ಹೆದರಿಕಿ ಯಾಕ ಇಳೀಲಿಲ್ಲ ಅಂದ್ರ, ನಮ್ಮ ಕಡೆ ಯಾರೂ ಕಿಲ್ಲಾರಿ ಮರ್ತಿಲ್ಲ.

1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕರ ಸುಮಾರು, ಲಾತೂರ್ ಜಿಲ್ಲಾ ಕಿಲ್ಲಾರಿ. ಕಲಬುರಗಿಯಿಂದ ನೆಟ್ಟಗ ಅಳದ್ರ ನೂರು ಕಿಲೋಮೀಟರ್ ಒಳಗೇ. 6.2ರ ಭೂಕಂಪ, ಸುಮಾರು ಹತ್ತು ಸಾವಿರ ಮಂದಿ ಕಲ್ಲು-ಮಣ್ಣಿನ ಮನಿಯೊಳಗ ಮಲಗಿದ್ದಲ್ಲೇ ಹೋದ್ರು. ಅಲ್ಲಿತನಕ ದಖ್ಖನ್ ನೆಲ ಅಲ್ಲಾಡಂಗಿಲ್ಲ ಅಂತಲೇ ನಂಬಿಕಿ ಇತ್ತು, ದೇಶದ ಭೂಕಂಪ ನಕಾಶಿಯಾಗ ಆ ಜಾಗಾ ಎಲ್ಲಕ್ಕಿಂತ ಕಡಿಮಿ ಅಪಾಯದ ಒಂದನೇ ವಲಯದಾಗ ಇತ್ತು. 1992ರಾಗೇ ಆ ಭಾಗದಾಗ ಸಣ್ಣ ಸಣ್ಣ ನಡುಕ ಆಗಿದ್ವು. 2002ರ ನಕಾಶಿಯಾಗ ಒಂದನೇ ವಲಯ ಅನ್ನೋದನ್ನೇ ತಗದುಹಾಕಿದ್ರು, ಅಂದ್ರ ದೇಶದ ಯಾವ ಮೂಲಿಯಾಗೂ ಅಪಾಯ ಅಷ್ಟು ಕಡಿಮಿ ಅಂತ ಹೇಳೋದನ್ನ ಬಿಟ್ರು.

ಆ ಹಳೇ ‘ಇಲ್ಲ’ ಯಾಕ ಸುಳ್ಳಾಯ್ತು? ದಖ್ಖನ್‌ನಂಥಾ ನೆಲದಾಗ ಎರಡು ದೊಡ್ಡ ಭೂಕಂಪದ ನಡುವ ಸಾವಿರಾರು ವರ್ಷ ಹೋಗಬಹುದು. ನಮ್ಮ ಹತ್ರ ಇರೋ ದಾಖಲಿ ಕೆಲವು ನೂರು ವರ್ಷದ್ದು, ಮಷೀನ್ ಇಟ್ಟು ಅಳದಿದ್ದು ಅದಕ್ಕೂ ಕಡಿಮಿ. ಸಾವಿರಾರು ವರ್ಷಕ್ಕ ಒಮ್ಮೆ ಬರೋದನ್ನ ನೂರು ವರ್ಷದ ಕಿಟಕಿಯಿಂದ ನೋಡಿ ‘ಬಂದಿಲ್ಲ, ಅದಕ್ಕ ಬರಂಗಿಲ್ಲ’ ಅನ್ನೋದು, ತೊಗರಿ ಚೀಲದಿಂದ ಐದು ಕಾಳು ತಗದು ಬೆರಿಕಿ ಇಲ್ಲ ಅಂದಂಗ. ಲಸಿಕಿ ವಿಷಯದಾಗ ‘ಕಂಡಿಲ್ಲ’ ಅನ್ನೋದಕ್ಕ ಲಕ್ಷಗಟ್ಟಲೆ ಮಕ್ಕಳ ಬಲ ಅದ, ಭೂಕಂಪದ ‘ಕಂಡಿಲ್ಲ’ಕ್ಕ ಅಂಥಾ ಬಲ ಇರಲಿಲ್ಲ. ಎರಡೂ ಕಡೆ ಪದ ಒಂದೇ.

ಇಟಲಿಯ ಲಾಕ್ವಿಲಾದಾಗ 2009ರ ಏಪ್ರಿಲ್ 6ಕ್ಕ ಭೂಕಂಪ ಆಗಿ 309 ಮಂದಿ ಸತ್ರು. ಅದಕ್ಕೂ ಮೊದಲು ತಿಂಗಳಗಟ್ಟಲೆ ಸಣ್ಣ ನಡುಕ ಇದ್ವು, ಸಭೆ ಸೇರಿದ ತಜ್ಞರ ಹೆಸರಿನ್ಯಾಗ ಮಂದಿಗೆ ಚಿಂತಿ ಬ್ಯಾಡ ಅನ್ನೋ ಸಂದೇಶ ಮುಟ್ಟಿತ್ತು. 2012ಕ್ಕ ಆರು ವಿಜ್ಞಾನಿ ಮತ್ತ ಒಬ್ಬ ಅಧಿಕಾರಿಗೆ ಶಿಕ್ಷಾ ಆಯ್ತು, 2014ಕ್ಕ ಆರೂ ವಿಜ್ಞಾನಿಗಳು ಖುಲಾಸೆ ಆದ್ರು, ಅಧಿಕಾರಿ ಶಿಕ್ಷಾ ಕಡಿಮಿ ಆದ್ರೂ ಉಳೀತು. ವಿಜ್ಞಾನಿಗಳನ್ನ ಜೈಲಿಗೆ ಹಾಕೋದು ಸರಿ ಇರಲಿಲ್ಲ. ಆದ್ರ ‘ದೊಡ್ಡದು ಆಗ್ತದ ಅಂತ ಹೇಳ್ಲಿಕ್ಕ ಆಧಾರ ಇಲ್ಲ’ ಅನ್ನೋ ಮಾತು ಮಂದಿ ಕಿವಿಗೆ ‘ದೊಡ್ಡದು ಆಗಂಗಿಲ್ಲ’ ಅಂತ ಮುಟ್ಟಿದ್ರ ಎಂಥಾ ಅನಾಹುತ ಆಗ್ತದ ಅನ್ನೋದಕ್ಕ ಅದು ಸಾಕ್ಷಿ.

ಭಾರ ಯಾರ ತಲಿ ಮ್ಯಾಲ

ನಮ್ಮ ಬೀದರ್-ಕಲಬುರಗಿ ಕಡೆ ಈ ಪ್ರಶ್ನಿಗೆ ಇನ್ನೊಂದು ಮುಖ ಅದ, ಅದನ್ನ ಬಿಟ್ರ ಮಾತು ಪೂರಾ ಆಗಂಗಿಲ್ಲ: ಭಾನಾಮತಿ, ಅಂದ್ರ ಮಾಟ-ಮಂತ್ರ. ಓಣಿಯಾಗ ಯಾರಿಗೋ ಜಡ್ಡು ಬಂತು, ಎಮ್ಮಿ ಹಾಲು ಕೊಡೋದು ನಿಲ್ಲಿಸ್ತು, ಒಬ್ಬ ಮುದುಕಿ ಮ್ಯಾಲ ಭಾನಾಮತಿ ಮಾಡ್ಯಾಳ ಅಂತ ಮಾತು ಬಂತು. ಮಾಡಿಲ್ಲ ಅಂತ ಆಕಿ ಹೆಂಗ ಸಾಬೀತು ಮಾಡಬೇಕು? ಯಾವ ರಾತ್ರಿ, ಯಾವ ಮಂತ್ರ, ಯಾವ ವಸ್ತು ಅಂತ ಆರೋಪದಾಗ ಏನೂ ಇಲ್ಲ, ಹುಡುಕ್ಲಿಕ್ಕ ಜಾಗಾನೇ ಇಲ್ಲ. ಅಂಥಾ ಆರೋಪಕ್ಕ ಆಕಿ ಏನ್ ಹೇಳಿದ್ರೂ ಸಾಲಂಗಿಲ್ಲ. ಅದಕ್ಕೇ ನ್ಯಾಯದಾಗ ಆರೋಪ ಮಾಡಿದವನೇ ಸಾಬೀತು ಮಾಡಬೇಕು ಅಂತ ಇಟ್ಟಾರ, ಅದಕ್ಕೇ ಕರ್ನಾಟಕ 2017ರಾಗ ಅಮಾನವೀಯ ದುಷ್ಟ ಪದ್ಧತಿ ಮತ್ತ ವಾಮಾಚಾರ ತಡೆಯೋ ಕಾಯ್ದೆ ಮಾಡ್ತು, 2020ರಿಂದ ಅದು ಜಾರಿಗೆ ಬಂತು.

ವಿಜ್ಞಾನದಾಗೂ ಭಾರ ಹಿಂಗೇ ಕೂಡ್ತದ. ಹೊಸ ಸಂಬಂಧ ಅದ ಅನ್ನೋರು ಮೊದಲು ಎಲ್ಲಿ, ಎಷ್ಟು, ಯಾರಿಗೆ ಅಂತ ಹೇಳಬೇಕು. ಹೇಳಿದ್ರ ಅದನ್ನ ಹುಡುಕಬಹುದು, ಇಲ್ಲ ಅಂತ ತೋರಿಸಲೂಬಹುದು. ಹೇಳದೇ ‘ನೀವೇ ಇಲ್ಲ ಅಂತ ತೋರಿಸ್ರಿ’ ಅಂದ್ರ, ಆ ಮುದುಕಿಗೆ ಮಾಡಿದ್ದನ್ನೇ ಮಾಡಿದಂಗ. ಆದ್ರ ಒಂದು ಹೊಸ ಔಷಧ, ಒಂದು ಹೊಸ ಗಣಿ ಬಂದಾಗ ಅಪಾಯ ಇಲ್ಲ ಅಂತ ಹೇಳಿ ಲಾಭ ತಗೊಳ್ಳೋನು ಕಂಪನಿ, ಆಗ ಭಾರ ಕಂಪನಿ ಮ್ಯಾಲ ಬರ್ತದ. ಶಹಾಪುರ ತಾಲೂಕಿನ ಗೋಗಿಯಾಗ ಯುರೇನಿಯಂ ಗಣಿ ಮಾತು ಬಂದಾಗ ಅಲ್ಲಿನ ಮಂದಿ ಮೊದಲು ನೀರಿನ ಪರೀಕ್ಷಾ ಕೇಳಿದ್ರ ಅದು ಹಠ ಅಲ್ಲ, ನ್ಯಾಯವಾದ ಕೇಳ್ಕಿ.

ಇದ್ರಿಂದ ಏನಾಗ್ತದ

ಈ ಗೊಂದಲ ಹಿಂಗೇ ಉಳದ್ರ ಆಗೋ ನಷ್ಟ ಕಣ್ಣ ಮುಂದೇ ಅದ. ಅಮೆರಿಕದಾಗ 2025ರಾಗ ದಡಾರ ಕೇಸ್ 1992ರ ನಂತರ ಎಲ್ಲಕ್ಕಿಂತ ಹೆಚ್ಚಾದ್ವು, ಮೂರು ಸಾವೂ ಆದ್ವು, ಲಸಿಕಿ ಹಾಕಿಸ್ದೇ ಬಿಟ್ಟವ್ರಾಗೇ ಅದು ಹೆಚ್ಚು ಹಬ್ಬಿತು. ನಮ್ಮ ಕಡೆ ಕೂಸಿಗೆ ಲಸಿಕಿ ಹಾಕಿಸ್ಲಿಕ್ಕ ತಾಯಂದಿರನ್ನ ಒಪ್ಪಿಸೋ ಆಶಾ ಕಾರ್ಯಕರ್ತೆಗೆ, ಟಿವಿಯಾಗ ಬಂದ ಒಂದು ಅರ್ಧ ಮಾತು ಒಂದು ವರ್ಷದ ಕೆಲಸ ಹಾಳು ಮಾಡ್ತದ.

ಎದಿನೋವಿನ ಕಥಿನೂ ಅದೇ. ಲಸಿಕಿ ಹಾಕಿಸ್ಕೊಂಡಿದ್ದಕ್ಕೇ ಹಿಂಗ ಆಗ್ಲಿಕತ್ತದ, ಇನ್ನ ಏನ್ ಮಾಡಿದ್ರೂ ಅಷ್ಟೇ ಅಂತ ಕುಂತವ್ರು ಬಿಪಿ ತೋರಿಸಂಗಿಲ್ಲ, ಗುಟ್ಕಾ-ಸಿಗರೇಟ್ ಬಿಡಂಗಿಲ್ಲ. ಖರೇ ಕಾರಣ ಅಲ್ಲೇ ಉಳೀತದ.

ಜುಲೈ 2ರ ಕೇಂದ್ರದ ಹೇಳಿಕಿಯಾಗ ಇನ್ನೊಂದು ಮಾತೂ ಇತ್ತು, ಅದು ಅಷ್ಟು ಸುದ್ದಿ ಆಗಲಿಲ್ಲ. ದಿಲ್ಲಿ ಏಮ್ಸ್‌ನವ್ರು ಹರೇದವ್ರ ದಿಢೀರ್ ಸಾವಿನ ಇನ್ನೊಂದು ಅಧ್ಯಯನ ಆಗ ನಡಸ್ಲಿಕತ್ತಿದ್ರು, ಅದ್ರ ಮೊದಲ ಲೆಕ್ಕದಾಗ ಹಾರ್ಟ್ ಅಟ್ಯಾಕೇ ಮುಖ್ಯ ಕಾರಣ, ಹಿಂದಿನ ವರ್ಷಗಳಿಗೆ ಹೋಲಿಸಿದ್ರ ಕಾರಣಗಳ ಪಾಲು ದೊಡ್ಡದಾಗಿ ಬದಲಾಗಿಲ್ಲ, ಕಾರಣ ಸಿಗದ ಸಾವುಗಳಾಗ ಎಷ್ಟೋ ಕಡೆ ಹುಟ್ಟಿನಿಂದ ಬಂದ ಜೀನ್ ದೋಷ ಇರಬಹುದು ಅಂತ ಇತ್ತು. ಕೋವಿಡ್ ಮೊದಲಿನ ಪಾಲು ಮತ್ತ ಆಮ್ಯಾಲಿನ ಪಾಲು ಹೋಲಿಸೋದು ಅಂದ್ರ ಇದೂ ಒಂದು ಬಲಿನೇ, ಲಸಿಕಿ ತಗೊಳ್ಳದವ್ರು ಸಿಗದೇ ಇದ್ದಾಗ ಹಳೇ ವರ್ಷಗಳೇ ಹೋಲಿಕಿಗೆ ಸಿಗೋ ಗುಂಪು. ಆ ಪೂರಾ ಲೆಕ್ಕದಾಗ 2021ರ ಆದಮ್ಯಾಲ ಗೆರಿ ಎದ್ದು ಮ್ಯಾಲಕ್ಕ ಹೋಗಿದ್ರ ಇಲ್ಲಿತನಕ ಹೇಳಿದ ‘ಇಲ್ಲ’ ತಿದ್ದಬೇಕಾಗ್ತದ. ಹೋಗಿಲ್ಲ ಅಂದ್ರ, ಎಷ್ಟಕ್ಕಿಂತ ಹೆಚ್ಚು ಹೋಗಿಲ್ಲ ಅನ್ನೋ ನಂಬರನ್ನ ಆರೋಗ್ಯ ಇಲಾಖೆಯವ್ರು ಕನ್ನಡದಾಗ, ಹಾಸನದವ್ರಿಗೂ ಕಲಬುರಗಿಯವ್ರಿಗೂ ತಿಳಿಯೋ ಹಂಗ ಪ್ರಕಟ ಮಾಡಬೇಕು.